ಘಟ್ಟ ಇಳಿಯುವ ಅಳಿಯನಿಗೆ

ಇಲ್ಲಿ ಶಿರಸಿಯಲ್ಲಿ ಎಲ್ಲರೂ ಕ್ಷೇಮ. ನಿನ್ನ ಗಾಡಿಯ ಕ್ಷೇಮದ ಬಗ್ಗೆ ಮಾತ್ರ ಮಾವನಿಗೆ ಧೈರ್ಯವಿಲ್ಲ, ಅದಕ್ಕೇ ಈ ಕಾಗದ.

ಹೋದ ವಾರ ದೇವಿಮನೆ ಘಟ್ಟದ ತಿರುವುಗಳಲ್ಲಿ ನೀನು ಪೆಡಲನ್ನು ಎರಡೆರಡು ಸಲ ತುಳಿಯುತ್ತಿದ್ದೆ. ಮೊದಲ ಸಲಕ್ಕೆ ಕಾಲು ಒಳಗೆ ಹೋಗುತ್ತಿತ್ತು, ಎರಡನೆಯ ಸಲಕ್ಕೆ ಪೆಡಲ್ ಮೇಲೆ ನಿಲ್ಲುತ್ತಿತ್ತು. ಕೇಳಿದರೆ, 'ಹಳೇ ಗಾಡಿ ಮಾವ, ಅಭ್ಯಾಸ ಆಗಿಹೋಗಿದೆ' ಎಂದೆ. ಮಾವನ ನಿದ್ದೆ ಕೆಡಿಸಿರುವುದು ಆ ಅಭ್ಯಾಸವೇ. ಎರಡನೆಯ ತುಳಿತಕ್ಕೆ ಪೆಡಲ್ ಮೇಲೆ ಬಂತೆಂದರೆ ಒಂದೋ ಹಿಂದಿನ ಶೂಗಳು ಸವೆದು ಡ್ರಮ್ಮಿಗೂ ಅವಕ್ಕೂ ನಡುವೆ ಸಂದು ಬಿದ್ದಿದೆ, ಇಲ್ಲವೇ ಪೈಪಿನೊಳಗೆ ಗಾಳಿ ಸೇರಿದೆ. ಗಾಡಿ ಎರಡು ಮುಕ್ಕಾಲು ಲಕ್ಷ ಕಿಲೋಮೀಟರ್ ಓಡಿದೆ ಎಂಬುದು ಇದಕ್ಕೆ ಸಮಜಾಯಿಷಿಯಲ್ಲ. ಐವತ್ತು ಸಾವಿರ ಓಡಿದ ಗಾಡಿಯಲ್ಲೂ ಹಿಂದಿನ ಚಕ್ರ ಬಿಚ್ಚದೆ ಬಿಟ್ಟರೆ ಆಗುವುದು ಇಷ್ಟೇ.

'ಮುಂದಿನ ಪ್ಯಾಡ್ ಹೊಸದು ಹಾಕಿಸಿದ್ದೇನಲ್ಲ' ಎಂದೂ ಹೇಳಿದೆ. ಬೊಲೆರೊ ಪಿಕಪ್ಪಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಮುಂದಿನ ಪ್ಯಾಡ್ ಬದಲಿಸುವುದು ಸುಲಭ, ಚಕ್ರ ಬಿಚ್ಚಿದರೆ ಕಣ್ಣಿಗೆ ಕಾಣುತ್ತದೆ, ಒಂದು ತಾಸಿನ ಕೆಲಸ. ಹಿಂದಿನದು ಡ್ರಮ್ಮಿನೊಳಗೆ ಮುಚ್ಚಿಕೊಂಡಿರುತ್ತದೆ, ಡ್ರಮ್ ತುಕ್ಕು ಹಿಡಿದು ಅಂಟಿರುತ್ತದೆ, ಸುತ್ತಿಗೆ ಬೇಕು, ಅರ್ಧ ದಿನ ಬೇಕು. ಅದಕ್ಕೇ ಎಲ್ಲರೂ ಮುಂದಿನದನ್ನು ಮಾಡಿಸಿ 'ಬ್ರೇಕ್ ಹೊಸದು' ಎನ್ನುತ್ತಾರೆ. ಅನಾನಸು ತುಂಬಿದ ಪಿಕಪ್ಪಿನ ಭಾರ ಕೂತಿರುವುದು ಹಿಂದಿನ ಆಕ್ಸಲ್ ಮೇಲೆ. ಅಲ್ಲಿ ಬ್ರೇಕ್ ಹಿಡಿಯದಿದ್ದರೆ ಪೂರ್ತಿ ದುಡಿಮೆ ಮುಂದಿನ ಎರಡು ಡಿಸ್ಕುಗಳ ತಲೆಗೆ ಬೀಳುತ್ತದೆ.

ಈ ಗಾಡಿ ಕೊಟ್ಟು ಹೊಸದು ತರಬೇಕೆಂದು ನೀನು, ಇದಕ್ಕೇ ಖರ್ಚು ಮಾಡೆಂದು ನಿನ್ನ ಅಮ್ಮ. ಎರಡು ದಾರಿಗೂ ಅದರದರ ನ್ಯಾಯವಿದೆ, ಮಾವ ಈಗಲೇ ಯಾರ ಪರವಾಗಿಯೂ ಮಾತಾಡಲಾರ. ಆದರೆ ಯಾವುದನ್ನು ಆರಿಸುವ ಮೊದಲೂ ಬ್ರೇಕ್ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ನಿನಗೆ ಗೊತ್ತಿರಬೇಕು.

ಮಾವ ಕ್ಲೀನರ್ ಆಗಿ ಗಾಡಿ ಹತ್ತಿದ್ದು 1980ರ ದಶಕದಲ್ಲಿ. ಆಗ ಇಂಥ ಸಣ್ಣ ಗಾಡಿಗಳು ಅಪರೂಪ, ಟಾಟಾ ಏಸ್ ಬಂದದ್ದೇ 2005ರಲ್ಲಿ. ತೋಟದ ಮಾಲು ಸಾಗಿಸಲು ದೊಡ್ಡ ಲಾರಿ, ಇಲ್ಲವೇ ಮೆಟಡೋರ್, ಇಲ್ಲವೇ ಟ್ರೇಲರ್ ಸಿಕ್ಕಿಸಿದ ಜೀಪು. ಬಹುಪಾಲು ಗಾಡಿಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ಹಳೆಯ ಜೀಪುಗಳಲ್ಲಂತೂ ಬ್ರೇಕ್ ಆಯಿಲ್ ಓಡುವ ದಾರಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ. ಒಂದು ಪೈಪ್ ಒಡೆದರೆ ನಾಲ್ಕೂ ಹೋಯಿತು. ಈಗಿನವುಗಳಲ್ಲಿ ಎರಡು ದಾರಿ ಇರುವುದರಿಂದ ಒಂದು ಕೈಕೊಟ್ಟರೆ ಇನ್ನೊಂದು ಅಷ್ಟಿಷ್ಟಾದರೂ ಹಿಡಿಯುತ್ತದೆ. ಮಾವನಿಗೆ ಸ್ಟಿಯರಿಂಗ್ ಕಲಿಸಿದ ಡ್ರೈವರ್ ಹೊನ್ನಾವರದ ಕಡೆಯವರು, ಮಾತು ಕಡಿಮೆ. ಯಾವ ಗೇರಿನಲ್ಲಿ ಘಟ್ಟ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಅವರು ಮೊದಲ ದಿನವೇ ಹೇಳಿಕೊಟ್ಟ ಪಾಠ. ಇಳಿಯುವಾಗ ಅವರ ಬಲಗಾಲು ಬ್ರೇಕಿನ ಮೇಲೆ ಇರುತ್ತಿದ್ದುದೇ ಅಪರೂಪ. ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತಿತ್ತು.

ಅಂಥವರ ಕೈಯಲ್ಲೂ ಒಂದು ಮಳೆಗಾಲ ಬ್ರೇಕ್ ಹೋಯಿತು. ಬಾಳೆಗೊನೆ ಮಿತಿಮೀರಿ ತುಂಬಿತ್ತು. ಘಟ್ಟದ ಅರ್ಧಕ್ಕೆ ಬರುವಾಗ ರಸ್ತೆಯಲ್ಲಿ ಮರ ಬಿದ್ದು ಮುಂದಿನ ಗಾಡಿಗಳು ನಿಂತು ನಿಂತು ಸಾಗುತ್ತಿದ್ದವು. ಗೇರಿನಲ್ಲಿ ಹಿಡಿದು ಇಳಿಯುವ ಲೆಕ್ಕ ತಪ್ಪಿತು, ಪದೇ ಪದೇ ಬ್ರೇಕ್ ತುಳಿಯಬೇಕಾಯಿತು. ಸುಟ್ಟ ಬ್ರೇಕ್ ಲೈನರಿನ ಘಾಟು ಕ್ಯಾಬಿನ್ನಿಗೆ ಬಂತು. ಆಮೇಲೆ ಒಂದು ತಿರುವಿನಲ್ಲಿ ಪೆಡಲ್ ನೆಲಕ್ಕೆ ಕೂತಿತು. ಡ್ರೈವರ್ ಎಡಕ್ಕೆ ಎಳೆದು ಗಾಡಿಯನ್ನು ಧರೆಗೆ ಉಜ್ಜಿಸಿ ಚರಂಡಿಗೆ ಇಳಿಸಿದರು. ಬಲಕ್ಕೆ ಬಿಟ್ಟಿದ್ದರೆ ಕಣಿವೆ. ಅವರ ಕಾಲು ಮುರಿಯಿತು. ಎಡಗಡೆ ಕೂತಿದ್ದ ಮಾವನಿಗೆ ತರಚುಗಾಯ, ಅಷ್ಟೇ.

ಮರುದಿನ ಗಾಡಿಯ ಯಜಮಾನರು ಬಂದರು. ಪೆಡಲ್ ಒತ್ತಿ ನೋಡಿದರು. ಕಲ್ಲಿನಂತೆ ಗಟ್ಟಿಯಾಗಿತ್ತು! 'ಬ್ರೇಕ್ ಸರಿಯಾಗೇ ಇದೆಯಲ್ಲ, ನಿದ್ದೆ ಹೊಡೆದನೋ ಕುಡಿದಿದ್ದನೋ' ಎಂದು ಊರೆಲ್ಲ ಹೇಳಿಕೊಂಡು ಬಂದರು. ಒಂದು ಹನಿ ಮುಟ್ಟದ ಮನುಷ್ಯ ಆಮೇಲೆ ಈ ಭಾಗದಲ್ಲಿ ಕೆಲಸ ಸಿಗದೆ ಊರಿಗೆ ಹೋದರು. ಕ್ಲೀನರ್ ಹುಡುಗನ ಸಾಕ್ಷಿಗೆ ಕಿಮ್ಮತ್ತು ಇರಲಿಲ್ಲ.

ಅದು ಹೇಗೆ ಆಯಿತೆಂದು ಮಾವನಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಗ್ಯಾರೇಜು ಹಾಕಿದ ನಂತರ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ ಶೇ. 3.7ರಷ್ಟು ನೀರು ಸೇರಿತೆಂದರೆ 140 ಡಿಗ್ರಿ ತಾಳಿದರೂ ಸಾಕೆನ್ನುತ್ತದೆ ಮಾನದಂಡ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಮಲೆನಾಡಿನ ಮಳೆಗಾಲದ ತೇವ ನಿನಗೆ ಹೇಳಿಕೊಡಬೇಕಾಗಿಲ್ಲ. ಕಾದ ಡ್ರಮ್ಮಿನ ಪಕ್ಕದಲ್ಲಿ ಹಳೆಯ ಆಯಿಲ್ ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಕಾಲಿನ ಬಲವೆಲ್ಲ ಆವಿ ಕುಗ್ಗಿಸುವುದಕ್ಕೇ ಖರ್ಚಾಗಿ ಚಕ್ರಕ್ಕೆ ಏನೂ ತಲುಪುವುದಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವ, ಪೆಡಲ್ ಮತ್ತೆ ಗಟ್ಟಿ. ಆ ಗಾಡಿಯ ಡಬ್ಬಿಯಲ್ಲಿದ್ದ ಆಯಿಲ್ ಕಪ್ಪಗಿದ್ದುದು ಮಾವನ ಕಣ್ಣಿಗೆ ಇವತ್ತಿಗೂ ಕಟ್ಟಿದಂತಿದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆಯಿಲ್, ಕೆಲವೇ ನೂರು ರೂಪಾಯಿಯ ಬಾಬತ್ತು.

ಶಾಖ ಎಷ್ಟೆಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡು. ಲೋಡಾದ ನಿನ್ನ ಪಿಕಪ್ ಮೂರು ಟನ್ ಆಸುಪಾಸು. ಘಟ್ಟದಲ್ಲಿ 500 ಮೀಟರ್ ಕೆಳಗಿಳಿಯುತ್ತದೆ ಎಂದಿಟ್ಟುಕೊ. ಇಂಜಿನ್ನಿನ ಸಹಾಯವಿಲ್ಲದೆ ಬರೀ ಬ್ರೇಕಿನ ಮೇಲೆ ಇಳಿದರೆ ಹುಟ್ಟುವ ಶಾಖ ಬಚ್ಚಲ ಹಂಡೆಯ ಸುಮಾರು 50 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಅಷ್ಟನ್ನೂ ನಾಲ್ಕು ಚಕ್ರದ ನಡುವಿನ ಕಬ್ಬಿಣ ನುಂಗಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವವರಿಗೆ ಇಷ್ಟು ತಿಳಿದರೆ ಸಾಕು. ಅದರಲ್ಲಿ ಉಳಿತಾಯವೂ ಇಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಕಾಮನ್ ರೇಲ್ ಇಂಜಿನ್ ಡೀಸೆಲ್ ಸುರಿಯುವುದನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್ಲಿನಲ್ಲಿ ಅದು ಉರಿಯುತ್ತಲೇ ಇರಬೇಕು. ಇಂಜಿನ್ ಆಫ್ ಮಾಡಿದರಂತೂ ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರಿಗೆ ವ್ಯಾಕ್ಯೂಮ್ ಸಿಗದೆ ಎರಡು ಮೂರು ತುಳಿತದ ನಂತರ ಪೆಡಲ್ ಮರದ ಕೊರಡು.

ಇನ್ನು ಬೈಗುಳದ ಮಾತು. ನಿನ್ನ ಗಾಡಿಯ ಹಿಂದೆ ಬಗ್ಗಿ ನೋಡಿದಾಗ ಕಂಡದ್ದು ಸ್ಪ್ರಿಂಗಿಗೆ ಸೇರಿಸಿದ ಹೆಚ್ಚುವರಿ ಪ್ಲೇಟುಗಳು. ಯಾರನ್ನು ಕೇಳಿ ಹಾಕಿಸಿದೆ? ಕಂಪನಿಯ ಇಂಜಿನಿಯರುಗಳಿಗಿಂತ ನಿನಗೆ ಲೋಡಿನ ಲೆಕ್ಕ ಹೆಚ್ಚು ಗೊತ್ತೇ? ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಕಡ್ಡಿ, ಅದರ ತುದಿಗೆ ಒಂದು ವಾಲ್ವ್ ಇದೆ. ಎಲ್‌ಎಸ್‌ಪಿವಿ ಎನ್ನುತ್ತಾರೆ. ಲೋಡು ಕೂತಾಗ ಬಾಡಿ ತಗ್ಗುತ್ತದೆ, ಕಡ್ಡಿ ವಾಲ್ವನ್ನು ತಿರುಗಿಸುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಹೋಗುತ್ತದೆ. ಖಾಲಿಯಿದ್ದಾಗ ಬಾಡಿ ಎತ್ತರ, ಹಿಂದಿನ ಚಕ್ರ ಲಾಕ್ ಆಗಿ ಜಾರದಂತೆ ಒತ್ತಡ ಕಡಿಮೆ. ನೀನು ಪ್ಲೇಟ್ ಸೇರಿಸಿದೆ. ಈಗ ಎಷ್ಟು ತುಂಬಿದರೂ ಬಾಡಿ ತಗ್ಗುವುದಿಲ್ಲ. ಗಾಡಿ ಖಾಲಿಯಿದೆ ಎಂದೇ ತಿಳಿದು ವಾಲ್ವ್ ಹಿಂದಿನ ಬ್ರೇಕಿಗೆ ಅರೆಹೊಟ್ಟೆ ಹಾಕುತ್ತಿದೆ. ಹೆಚ್ಚು ಭಾರ ಹೊರಲೆಂದು ಮಾಡಿದ ಕೆಲಸವೇ ಭಾರವಿದ್ದಾಗ ಬ್ರೇಕನ್ನು ಕಸಿದುಕೊಳ್ಳುತ್ತಿದೆ. ಇದು ಬುದ್ಧಿಯಿರುವವರು ಮಾಡುವ ಕೆಲಸವಲ್ಲ. 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ ದಂಡವೇ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ದಂಡ ಕಟ್ಟಿ ಮುಗಿಸಬಹುದು. ಮುಂದಿನ ತಿರುವಿನಲ್ಲಿ ಶಾಲೆ ಬಿಟ್ಟ ಮಕ್ಕಳಿದ್ದರೆ ಏನು ಕಟ್ಟುತ್ತೀಯ?

ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಆಗಿದೆ ಎನ್ನಬೇಡ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ, ಅದು ಒಂದು ದಿನದ ತಪಾಸಣೆ. ಉಳಿದ 364 ದಿನ ಗಾಡಿ ನಿನ್ನ ಜವಾಬ್ದಾರಿ.

ಮಾವನ ಸ್ವರ ಏರಿತು. ನಿನ್ನ ದುಡಿಮೆಯ ಮೇಲೆ ಅನುಮಾನವಿಲ್ಲ ಕಣೋ. ಬೆಳಗಿನ ಜಾವ ಎದ್ದು ಬನವಾಸಿಯ ಅನಾನಸು ಇಳಿಸಿ, ವಾಪಸ್ ಖಾಲಿ ಬರಬಾರದೆಂದು ತದಡಿಯಿಂದ ಮೀನು ತುಂಬಿಕೊಂಡು ಬರುವ ಹುಡುಗ ಸೋಮಾರಿಯಲ್ಲ. ಆದರೆ ಆ ಮೀನಿನ ಪೆಟ್ಟಿಗೆಗಳಿಂದ ಸುರಿಯುವ ಉಪ್ಪುನೀರು ನೇರ ಚಾಸಿಗೆ, ಬ್ರೇಕಿನ ಉಕ್ಕಿನ ಪೈಪುಗಳ ಮೇಲೆ ಬೀಳುತ್ತದೆ. ಕ್ಲಿಪ್ಪು ಹಿಡಿದಿರುವ ಜಾಗದಲ್ಲಿ, ಯಾರ ಕಣ್ಣಿಗೂ ಕಾಣದಂತೆ, ಪೈಪು ತುಕ್ಕು ತಿಂದು ತೆಳ್ಳಗಾಗುತ್ತದೆ. ಮೀನಿನ ಟ್ರಿಪ್ಪು ಮುಗಿದ ಕೂಡಲೇ ಸಿಹಿನೀರಿನಲ್ಲಿ ಅಡಿಭಾಗ ತೊಳೆಸು. ತುಕ್ಕಿನ ಪೈಪಿಗೆ ತೇಪೆ ಬೇಡ, ಹೊಸದೇ ಆಗಬೇಕು.

ಹೊಸ ಗಾಡಿಯ ವಿಚಾರಕ್ಕೆ ಬರೋಣ. ಎಂಟು ಲಕ್ಷ ಸಾಲ, ಶೇ. 10 ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 17,000. ಎರಡು ಲಕ್ಷಕ್ಕೂ ಮೇಲೆ ಬರೀ ಬಡ್ಡಿ. ಹೊಸ ಗಾಡಿ ರಿಪೇರಿ ಕೇಳುವುದಿಲ್ಲ ಎಂಬುದು ನಿಜವೇ. ಆದರೆ ಕಂತು ಏನು ಮಾಡುತ್ತದೆಂಬುದನ್ನು ಗ್ಯಾರೇಜಿನ ಬಾಗಿಲಲ್ಲಿ ನಿಂತು ಮಾವ ನೋಡಿದ್ದಾನೆ. ಹೊಸ ಗಾಡಿಗೆ ಹಾರ ಹಾಕಿಕೊಂಡು ಬಂದ ಹುಡುಗರು ಆರು ತಿಂಗಳಲ್ಲಿ ಪ್ಲೇಟ್ ಸೇರಿಸಲು ಬರುತ್ತಿದ್ದರು. ಒಂದೂವರೆ ಪಟ್ಟು ತುಂಬದಿದ್ದರೆ ಕಂತು ಏಳುತ್ತಿರಲಿಲ್ಲ. ರಾತ್ರಿ ಬಾಡಿಗೆ ಬಿಡುವಂತಿರಲಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದಾದರೆ ಆ ತಿಂಗಳು ಫೈನಾನ್ಸಿನವರು ಮನೆಗೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟ ಕುಸಿದಾಗ ಆ ದಾರಿಯನ್ನೇ ನಂಬಿದ್ದ ಗಾಡಿಯವರ ಪಾಡು ನೆನಪಿದೆಯಲ್ಲ. ಕಂತು ಲೋಡು ಏರಿಸುತ್ತದೆ, ಲೋಡು ಬ್ರೇಕ್ ತಿನ್ನುತ್ತದೆ. ಸಾಲವಿಲ್ಲದ ಹಳೆಯ ಗಾಡಿಯವನಿಗೆ 'ಇಷ್ಟೇ ತುಂಬುತ್ತೇನೆ' ಎಂದು ವ್ಯಾಪಾರಿಗೆ ಹೇಳುವ ಧೈರ್ಯವಿರುತ್ತದೆ.

ಚಾಸಿಯ ಒಳಗೆ ತುಕ್ಕು ತೂತು ಮಾಡಿದ್ದರೆ ಮಾತ್ರ ಮಾವ ಒಂದು ದಿನವೂ ತಡೆಯುವುದಿಲ್ಲ, ಮಾರಿಬಿಡು. ಅದನ್ನು ಜಾಕಿ ಕೊಟ್ಟು ಸುತ್ತಿಗೆಯಲ್ಲಿ ಬಡಿದು ನೋಡಿದರೆ ಗೊತ್ತಾಗುತ್ತದೆ.

ಇಲ್ಲವಾದರೆ ಕೆಲಸ ಹೀಗೆ ಸಾಗಲಿ. ಹೆಚ್ಚುವರಿ ಪ್ಲೇಟ್ ಮೊದಲು ತೆಗೆಯಬೇಕು, ವಾಲ್ವಿನ ಕಡ್ಡಿಯ ಹೊಂದಾಣಿಕೆ ನೋಡಬೇಕು. ಹಿಂದಿನ ಡ್ರಮ್ ಬಿಚ್ಚಿದಾಗ ಒಳಗೆ ಗೇರ್ ಆಯಿಲ್ ಕಂಡರೆ ಆಕ್ಸಲ್ ಸೀಲ್ ಹೋಗಿದೆ, ಬ್ರೇಕ್ ಆಯಿಲ್ ಕಂಡರೆ ವೀಲ್ ಸಿಲಿಂಡರ್ ಸೋರುತ್ತಿದೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಮೇಸ್ತ್ರಿಗಳಿದ್ದಾರೆ, ಅಂಥವರ ಕೈಗೆ ಗಾಡಿ ಕೊಡಬೇಡ. ಡ್ರಮ್ಮಿನಲ್ಲಿ ಗೀರು ಬಿದ್ದಿದ್ದರೆ ಲೇತಿಗೆ ಕೊಡಬಹುದು, ಆದರೆ ಅದರ ಮೇಲೆ ಎರಕ ಹೊಯ್ದ ಗರಿಷ್ಠ ಅಳತೆ ದಾಟುವಂತಿಲ್ಲ. ಡಿಸ್ಕಿನ ಮೇಲೂ ಕನಿಷ್ಠ ದಪ್ಪ ಬರೆದಿರುತ್ತದೆ. ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿಸಬೇಡ, ಶ್ವಾಸಕೋಶಕ್ಕೆ ಕೆಟ್ಟದ್ದು, ಒದ್ದೆ ಬಟ್ಟೆ ಸಾಕು. ರಬ್ಬರ್ ಹೋಸುಗಳನ್ನು ನೋಡಿ ನಂಬಬೇಡ. ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡಿರುತ್ತವೆ, ಕಾಲು ತೆಗೆದರೂ ಚಕ್ರ ಬಿಡುವುದಿಲ್ಲ. ಇಷ್ಟು ಹಳೆಯ ಗಾಡಿಗೆ ಅವನ್ನು ಬದಲಿಸಿಬಿಡುವುದೇ ಲೇಸು. ಕೊನೆಗೆ ಹೊಸ ಆಯಿಲ್ ಹಾಕಿ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಎಡ ಹಿಂಚಕ್ರದಿಂದ ಶುರು. ಸೀಲ್ ಒಡೆದು ವರ್ಷವಾದ ಡಬ್ಬಿಯ ಆಯಿಲ್ ಬೇಡ.

ಗಾಡಿ ಎತ್ತಿದಾಗಲೇ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಗ್ರೀಸ್, ಹಬ್ಬಿನ ಬೇರಿಂಗು, ಡಿಫರೆನ್ಷಿಯಲ್ ಆಯಿಲ್ ಎಲ್ಲ ನೋಡಿಬಿಡೋಣ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುತ್ತಿದ್ದೀಯಂತೆ, ಅದೂ ನಿಲ್ಲಲಿ.

ಭಾನುವಾರ ಲೇತಿನ ಅಂಗಡಿ ಬಾಗಿಲು. ಸೋಮವಾರ ಬೆಳಿಗ್ಗೆ ಖಾಲಿ ಗಾಡಿ ತಗೊಂಡು ಬಾ. ಬನವಾಸಿಯಿಂದ ಇಲ್ಲಿಗೆ ಘಟ್ಟವಿಲ್ಲ, ನಿಧಾನಕ್ಕೆ ಬಂದರೆ ಸಾಕು. ಅನಾನಸಿನವರಿಗೆ ಎರಡು ದಿನ ಬೇರೆ ಗಾಡಿ ನೋಡಿಕೊಳ್ಳಲು ಹೇಳು. ಮುಂದಿನ ಚಕ್ರಗಳಿಂದ ತೆಗೆಸಿದ ಹಳೆಯ ಪ್ಯಾಡುಗಳನ್ನು ಎಸೆದಿಲ್ಲವಾದರೆ ಅವನ್ನೂ ತಾ. ಒಳಗಿನದೂ ಹೊರಗಿನದೂ ಒಂದೇ ಸಮ ಸವೆದಿವೆಯೇ ನೋಡಬೇಕು. ಒಂದು ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಪಿನ್ ಹಿಡಿದುಕೊಂಡಿರಬಹುದು, ಹುಬ್ಬಳ್ಳಿಯಿಂದ ರಬ್ಬರ್ ಕಿಟ್ ತರಿಸಬೇಕಾಗುತ್ತದೆ. ಪ್ಯಾಡುಗಳು ಸಿಕ್ಕರೆ ಇವತ್ತೇ ಫೋಟೋ ತೆಗೆದು ಕಳಿಸು, ಶನಿವಾರದ ಬಸ್ಸಿಗೆ ಕಿಟ್ ಪಾರ್ಸಲ್ ಹಾಕಲು ಹೇಳಲಾಗುತ್ತದೆ.

ಇಂತಿ,
ನಿನ್ನ ಮಾವ