ತಾತನ ಲೆನ್ಸಿಗೆ ತಕ್ಕ ಸ್ಕ್ರೀನು

ನೋಡಮ್ಮ, ಸೆಕೆಂಡ್ ಹ್ಯಾಂಡ್ ಕ್ಯಾನನ್ 6ಡಿ ಕೊಂಡು, ಅದಕ್ಕೆ ಅಡಾಪ್ಟರ್ ಹಾಕಿ ತಾತನ ನಿಕಾನ್ 50 ಎಂಎಂ ಎಫ್ 1.4 ಲೆನ್ಸ್ ಕೂರಿಸಿದ್ದೀಯ ಅಂತ ಕೇಳಿ ಖುಷಿಯಾಯಿತು. ಮೌಂಟಿನಿಂದ ಸೆನ್ಸರ್‌ವರೆಗಿನ ದೂರ ಕ್ಯಾನನ್‌ನಲ್ಲಿ 44 ಮಿ.ಮೀ., ನಿಕಾನ್‌ನಲ್ಲಿ 46.5. ಆ ಎರಡೂವರೆ ಮಿ.ಮೀ. ಜಾಗದಲ್ಲಿ ಅಡಾಪ್ಟರ್ ಸರಿಯಾಗಿ ಕೂರುತ್ತದೆ, ದೂರದ ಬೆಟ್ಟಕ್ಕೂ ಫೋಕಸ್ ಸಿಗುತ್ತದೆ. ಆದರೆ ಮುಖದ ಫೋಟೊ ತೆಗೆದಾಗಲೆಲ್ಲ ಕಿವಿ ಸ್ಪಷ್ಟ, ಕಣ್ಣು ಮಸುಕು ಅಂದೆಯಲ್ಲ, ಅದರಲ್ಲಿ ನಿನ್ನ ತಪ್ಪು ಬಹಳ ಕಡಿಮೆ. ಎದೆಗುಂದಬೇಡ.

ವ್ಯೂಫೈಂಡರಿಗೆ ಕಣ್ಣಿಟ್ಟು ಅಪರ್ಚರ್ ರಿಂಗನ್ನು 1.4ರಿಂದ 2ಕ್ಕೆ, ಅಲ್ಲಿಂದ 2.8ಕ್ಕೆ ನಿಧಾನವಾಗಿ ತಿರುಗಿಸು. ಒಳಗೆ ಬರುವ ಬೆಳಕು ಕಾಲು ಭಾಗಕ್ಕೆ ಇಳಿದಿದ್ದರೂ ನಿನಗೆ ಕಾಣುವ ಚಿತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. 4ಕ್ಕೆ ಹೋದ ಮೇಲೆಯೇ ಅದು ಕಪ್ಪಿಡುವುದು. ಅಂದರೆ ವ್ಯೂಫೈಂಡರಿನ ಚಿತ್ರ ಮೂಡುವ ಈ ಫೋಕಸಿಂಗ್ ಸ್ಕ್ರೀನು 1.4ರ ತೆಳುವಾದ ಫೋಕಸನ್ನು ನಿನಗೆ ತೋರಿಸುತ್ತಲೇ ಇಲ್ಲ. ಆಟೋಫೋಕಸ್ ಕ್ಯಾಮೆರಾಗಳಲ್ಲಿ ಫೋಕಸ್ ಹಿಡಿಯುವ ಸೆನ್ಸರ್ ಕನ್ನಡಿಯ ಕೆಳಗೆ ಬೇರೆಯೇ ಇರುತ್ತದೆ. ಹೀಗಾಗಿ ಸ್ಕ್ರೀನು ಬೆಳ್ಳಗೆ ಕಂಡರೆ ಸಾಕು, ಕಡಿಮೆ ಬೆಳಕಿನ ಜೂಮ್ ಲೆನ್ಸಿನಲ್ಲೂ ಕತ್ತಲೆಯಾಗದಿದ್ದರೆ ಸಾಕು ಎಂದು ಕಂಪನಿಗಳು ತೀರ್ಮಾನಿಸಿದವು. ತಾತನ ಕಾಲದ ಕ್ಯಾಮೆರಾಗಳಿಗೆ ಆ ಅನುಕೂಲ ಇರಲಿಲ್ಲ. ಸ್ಕ್ರೀನೇ ಸತ್ಯ ಹೇಳಬೇಕಿತ್ತು.

6ಡಿಗೆ ಕ್ಯಾನನ್ ಕಂಪನಿಯೇ ಮಾಡಿದ ಇಜಿ-ಎಸ್ ಅನ್ನುವ ಮ್ಯಾಟ್ ಸ್ಕ್ರೀನು ಇದೆ. ಅದನ್ನು ಹುಡುಕಿ ಹಾಕಿಕೊ. ಮಧ್ಯದಲ್ಲಿ ಚಿತ್ರ ಎರಡು ಹೋಳಾಗಿ ಕಾಣುವ ಸ್ಪ್ಲಿಟ್ ಸ್ಕ್ರೀನುಗಳ ಮೇಲೆ ನಿನ್ನ ಕಣ್ಣಿದೆ, ಗೊತ್ತು. ಕಂಬ, ಬಾಗಿಲ ಚೌಕಟ್ಟು ಇದ್ದರೆ ಅವು ಚೆಂದ. ಆದರೆ ಅಪರ್ಚರ್ 5.6ರ ಆಸುಪಾಸಿಗೆ ಬಂತೆಂದರೆ ಒಂದು ಹೋಳು ಕಪ್ಪಾಗುತ್ತದೆ, ಸ್ಪಾಟ್ ಮೀಟರ್ ದಾರಿ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ನಡುವೆ ಫೋಕಸ್ ಮಾಡಿ ಆಮೇಲೆ ಚೌಕಟ್ಟನ್ನು ಪಕ್ಕಕ್ಕೆ ಸರಿಸುವ ಚಾಳಿ ಬೆಳೆಯುತ್ತದೆ. ಹತ್ತಿರದ ಮುಖಕ್ಕೆ 1.4ರಲ್ಲಿ ಅಷ್ಟು ಸರಿಸಿದರೂ ಕಣ್ಣು ಕೈಬಿಟ್ಟು ಹೋಗುತ್ತದೆ. ಮ್ಯಾಟ್ ಸ್ಕ್ರೀನಿನಲ್ಲಾದರೆ ಕಣ್ಣು ಎಲ್ಲಿದೆಯೋ ಅಲ್ಲೇ ಫೋಕಸ್ ಮಾಡಬಹುದು. ನನ್ನ ಓಟು ಅದಕ್ಕೇ.

ಸ್ಕ್ರೀನು ಬದಲಿಸುವಾಗ ಅವಸರ ಬೇಡ. ಕ್ಯಾಮೆರಾ ಬಾಯಿ ಕೆಳಮುಖವಾಗಿರಲಿ, ಫ್ಯಾನ್ ಆರಿಸು. ಸ್ಕ್ರೀನಿನ ಜೊತೆ ಕೊಡುವ ಚಿಮಟದಿಂದ ಅದರ ಅಂಚಿನ ಸಣ್ಣ ಕಿವಿಯನ್ನು ಮಾತ್ರ ಹಿಡಿ. ಪ್ಲಾಸ್ಟಿಕ್ ಮೇಲೆ ಬೆರಳು ತಾಗಿದರೆ ಆ ಗುರುತು ಹೋಗುವುದಿಲ್ಲ. ಬಟ್ಟೆ, ಸ್ಪಿರಿಟ್ ಯಾವುದೂ ಬೇಡ, ಧೂಳು ಕಂಡರೆ ಬ್ಲೋವರಿನಿಂದ ಊದು. ಕನ್ನಡಿಗೆ ಮುಂಭಾಗದಲ್ಲೇ ಲೇಪನವಿರುತ್ತದೆ, ಅದನ್ನಂತೂ ಮುಟ್ಟಲೇಬೇಡ. ಆಮೇಲೆ ಮೆನುವಿನ ಕಸ್ಟಮ್ ಫಂಕ್ಷನ್‌ಗೆ ಹೋಗಿ ಇಜಿ-ಎಸ್ ಎಂದು ಆರಿಸಬೇಕು. ಇಲ್ಲದಿದ್ದರೆ ಎಕ್ಸ್‌ಪೋಶರ್ ಲೆಕ್ಕ ತಪ್ಪುತ್ತದೆ. ಇದನ್ನು ಮರೆತು ಸ್ಕ್ರೀನನ್ನೇ ಬೈಯುವವರು ಬೇಕಾದಷ್ಟು ಜನ ಇದ್ದಾರೆ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಕೇಳು. ಲೆನ್ಸಿನಿಂದ ಸ್ಕ್ರೀನಿಗೆ ಬೆಳಕು ಸಾಗುವ ದೂರವೂ ಲೆನ್ಸಿನಿಂದ ಸೆನ್ಸರಿಗೆ ಸಾಗುವ ದೂರವೂ ಒಂದೇ ಆಗಿರಬೇಕು. ಕೂದಲೆಳೆಯಷ್ಟು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಏರುಪೇರಾದರೂ, ಒಂದು ಮೀಟರ್ ದೂರದ ಮುಖದ ಮೇಲೆ ಫೋಕಸ್ ಸುಮಾರು ಮೂರೂವರೆ ಸೆಂ.ಮೀ. ಸರಿದುಬಿಡುತ್ತದೆ. 1.4ರಲ್ಲಿ ಸ್ಪಷ್ಟವಾಗಿ ಸಿಗುವ ಆಳವೇ ಹೆಚ್ಚುಕಡಿಮೆ ಅಷ್ಟು. ಆದ್ದರಿಂದ ಮೊದಲು ಡಯಾಪ್ಟರ್ ಚಕ್ರ ತಿರುಗಿಸಿ ವ್ಯೂಫೈಂಡರಿನೊಳಗಿನ ಗುರುತುಗಳು ಚೂಪಾಗಿ ಕಾಣುವಂತೆ ಮಾಡಿಕೊ. ಆಮೇಲೆ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಎದುರಿಗೆ ಒಂದು ದಿನಪತ್ರಿಕೆಯನ್ನು ಓರೆಯಾಗಿ ಹರಡಿ, ಒಂದು ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆ. ಕಣ್ಣಿನಿಂದಲೇ ಆ ಸಾಲಿಗೆ ಫೋಕಸ್ ಮಾಡಿ ತೆಗೆ. ಫೋಕಸನ್ನು ಪೂರ್ತಿ ಕೆಡಿಸಿ ಮತ್ತೆ ಮಾಡು, ಹೀಗೆ ನಾಲ್ಕಾರು ಸಲ. ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದಾಗ ತಪ್ಪು ಒಮ್ಮೆ ಹಿಂದೆ, ಒಮ್ಮೆ ಮುಂದೆ ಬಿದ್ದಿದ್ದರೆ ನಿನಗೆ ಅಭ್ಯಾಸ ಸಾಲದು. ಪ್ರತಿ ಸಲವೂ ಒಂದೇ ಕಡೆ ಬಿದ್ದಿದ್ದರೆ ಸ್ಕ್ರೀನು ತನ್ನ ಜಾಗದಲ್ಲಿ ಕೂತಿಲ್ಲ. ಆಗ ಅದನ್ನು ತೆಳುವಾದ ಪಟ್ಟಿ ಇಟ್ಟು ಸರಿಪಡಿಸಬೇಕು. ಅದು ರಿಪೇರಿಯವರ ಕೆಲಸ, ನೀನು ಕೈಹಾಕಬೇಡ.

ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ ಈ ಯಾವ ತಾಪತ್ರಯವೂ ಇಲ್ಲ, ಸೆನ್ಸರ್ ಕಂಡದ್ದನ್ನೇ ಹಿಗ್ಗಿಸಿ ನೋಡುತ್ತಾರೆ. ನಿನ್ನ 6ಡಿಯಲ್ಲೂ ಲೈವ್ ವ್ಯೂ ಹಾಕಿ ಹತ್ತು ಪಟ್ಟು ಹಿಗ್ಗಿಸಬಹುದು. ಅಲುಗದ ವಸ್ತುವಿಗೆ ಅದೇ ಮೇಲು. ಆದರೆ ನಗುತ್ತಾ ತಿರುಗುವ ಮುಖಕ್ಕೆ, ಓಡಾಡುವ ಮಗುವಿಗೆ, ಕ್ಯಾಮೆರಾವನ್ನು ಕಣ್ಣಿಗೊತ್ತಿ ಬೆರಳಲ್ಲಿ ರಿಂಗ್ ತಿರುಗಿಸುವ ರೂಢಿಯೇ ಬೇಕು. ಸರಿಯಾದ ಸ್ಕ್ರೀನು ಇದ್ದರೆ ಆ ರೂಢಿ ಬೇಗ ಕೈಗೆ ಹತ್ತುತ್ತದೆ.

ತೆಗೆದ ಹಳೆಯ ಸ್ಕ್ರೀನನ್ನು ಮಾತ್ರ ಎಸೆಯಬೇಡ, ಹೊಸದು ಬಂದ ಡಬ್ಬಿಯಲ್ಲೇ ಜೋಪಾನವಾಗಿಡು. ಇಜಿ-ಎಸ್ ಇರುವುದು 2.8 ಮತ್ತು ಅದಕ್ಕಿಂತ ಹೆಚ್ಚು ಬೆಳಕಿನ ಲೆನ್ಸುಗಳಿಗೆ. 5.6ರ ಜೂಮ್ ಹಾಕಿದ ದಿನ ಅದು ಮಬ್ಬುಗತ್ತಲೆಯಾಗಿ ಕಾಣುತ್ತದೆ, ಆಗ ಹಳೆಯದೇ ಬೇಕಾಗುತ್ತದೆ.