ಕ್ರಿಪ್ಸ್ ಪಾಠದಲ್ಲಿ ಐದನೆಯ ಕುರ್ಚಿ

ಬೋಧನಾಭ್ಯಾಸದ ಮೂರನೆಯ ವಾರ ಜಯನಗರದ ಪ್ರೌಢಶಾಲೆಯೊಂದರ ಹತ್ತನೆಯ ತರಗತಿಯಲ್ಲಿ ಕ್ರಿಪ್ಸ್ ಆಯೋಗದ ಪಾಠ ಮಾಡಿದೆ. 1942ರ ಫೆಬ್ರವರಿಯಲ್ಲಿ ಸಿಂಗಪುರ, ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ವಶವಾದುದನ್ನು ಭೂಪಟದಲ್ಲಿ ತೋರಿಸಿ ಪೀಠಿಕೆ ಹಾಕಿದೆ. ಬಳಿಕ ನಾಲ್ಕು ಕುರ್ಚಿ ಇಟ್ಟು ಪಾತ್ರಾಭಿನಯ: ಕ್ರಿಪ್ಸ್, ಆಜಾದ್, ನೆಹರೂ, ಜಿನ್ನಾ. (ಲೀಗಿನವರೂ ಕಾಂಗ್ರೆಸ್ಸಿನವರೂ ಕ್ರಿಪ್ಸ್‌ರನ್ನು ಕಂಡದ್ದು ಬೇರೆಬೇರೆಯಾಗಿ. ತರಗತಿಯ ಅನುಕೂಲಕ್ಕೆ ಒಟ್ಟಿಗೆ ಕೂರಿಸಿದೆ.)

ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಂ, ನಮ್ಮ ಬೆಂಗಳೂರಿನವರದು ಯಾವ ಕುರ್ಚಿ?" "ಕಾಂಗ್ರೆಸ್ ಎಲ್ಲರ ಪರ" ಎಂದು ದಾಟಿಬಿಟ್ಟೆ. ನನ್ನ ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದಿದ್ದರು: "ಪ್ರಶ್ನೆ ಸರಿ, ಉತ್ತರ ತಪ್ಪು."

ರಾತ್ರಿ ಕೂತು ಪ್ರಸ್ತಾವಗಳನ್ನು ಮತ್ತೆ ಓದಿದೆ. ಯುದ್ಧ ಮುಗಿದ ಮೇಲೆ ಸಂವಿಧಾನ ರಚಿಸುವ ಮಂಡಳಿ. ಅದಕ್ಕೆ ಪ್ರಾಂತಗಳ ಪ್ರತಿನಿಧಿಗಳನ್ನು ಅಲ್ಲಿನ ಶಾಸನಸಭೆಗಳು ಆರಿಸಬೇಕು. ಸಂಸ್ಥಾನಗಳಿಗೂ ಜನಸಂಖ್ಯೆಗೆ ತಕ್ಕಷ್ಟು ಸ್ಥಾನ, ಆದರೆ ನೇಮಿಸುವವರು ರಾಜರು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯಿತ್ತು. ಸುಮಾರು 73 ಲಕ್ಷ ಜನರಿದ್ದರು. ಇಬ್ಬರಿಗೂ ಈ ಆಯ್ಕೆಯಲ್ಲಿ ಪಾತ್ರವಿಲ್ಲ. ಸಂಸ್ಥಾನಗಳ ಒಂಬತ್ತು ಕೋಟಿ ಜನರನ್ನು ಹೀಗೆ ಕಡೆಗಣಿಸಿದ್ದಕ್ಕೆ ಕಾಂಗ್ರೆಸ್ ತನ್ನ ನಿರ್ಣಯದಲ್ಲೇ ಆಕ್ಷೇಪಿಸಿತ್ತು. ಆದರೂ ಏಪ್ರಿಲ್‌ನಲ್ಲಿ ಮಾತುಕತೆ ಮುರಿದದ್ದು ಮುಖ್ಯವಾಗಿ ರಕ್ಷಣಾ ಖಾತೆ ಮತ್ತು ಸಂಪುಟದ ಅಧಿಕಾರದ ಮೇಲೆ. ನಮ್ಮ ಪಠ್ಯಗಳೂ ಅಲ್ಲಿಗೇ ನಿಲ್ಲುತ್ತವೆ.

ಮರುದಿನ ಇನ್ನೊಂದು ವಿಭಾಗದಲ್ಲಿ ಐದನೆಯ ಕುರ್ಚಿ ಖಾಲಿ ಇಟ್ಟು, "ಮೈಸೂರಿನ ಪರವಾಗಿ ಇಲ್ಲಿ ಯಾರು ಕೂರಬೇಕು?" ಎಂದೆ. ಒಬ್ಬ ಹುಡುಗ ಮಹಾರಾಜನಾಗಿ ಬಂದು ಕೂತ. "ನಿನ್ನನ್ನು ಕಳಿಸಿದ್ದು ಯಾರು?" ಎಂದು ಒಬ್ಬಳು ಎದ್ದಳು. "ಮಹಾರಾಜರು ಒಳ್ಳೆಯವರಾಗಿದ್ದರೆ ಆಗದೇ?" ಎಂದು ಇನ್ನೊಬ್ಬ. ತರಗತಿ ಎರಡಾಯಿತು. ನಾನು ಸುಮ್ಮನಿದ್ದೆ, ಅದು ಪಾಠಯೋಜನೆಯಲ್ಲಿರಲಿಲ್ಲ, ಕಷ್ಟವೂ ಆಯಿತು. ಜವಾಬ್ದಾರಿ ಸರ್ಕಾರಕ್ಕೆ ಮೈಸೂರು 1947ರ ಅಕ್ಟೋಬರ್‌ವರೆಗೆ, 'ಮೈಸೂರು ಚಲೋ' ಚಳವಳಿಯವರೆಗೆ ಕಾಯಬೇಕಾಯಿತು ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ, ಅಂಕವೂ ಹೋಯಿತು.

ಮನೆಗೆಲಸವಾಗಿ, ಮೈಸೂರಿನ ಪ್ರಜೆಯಾಗಿ ಕ್ರಿಪ್ಸ್‌ಗೆ ಒಂದು ಪ್ರಶ್ನೆ ಬರೆಯಲು ಹೇಳಿದ್ದೆ. ಒಬ್ಬನ ಹಾಳೆಯಲ್ಲಿತ್ತು: "ಬಸವನಗುಡಿ ಮಹಾರಾಜರದು, ದಂಡು ಬ್ರಿಟಿಷರ ಆಡಳಿತದ್ದು. ದಂಡಿನಲ್ಲಿರುವ ನಮ್ಮ ಮುತ್ತಜ್ಜಿಗೆ ಯಾವ ಕುರ್ಚಿ?"

ಸೋಮವಾರದ ಪಾಠಯೋಜನೆಯನ್ನು ಆ ಹಾಳೆಯಿಂದಲೇ ಆರಂಭಿಸಿದ್ದೇನೆ.