ಸೂಕ್ತ, ಇಜ್ಮಾ ಮತ್ತು ನೋಂದಣಿ ಕಚೇರಿ

ಮುಸ್ಲಿಂ ಪುರುಷ ಗ್ರಂಥದವರ, ಎಂದರೆ ಯಹೂದಿ ಅಥವಾ ಕ್ರೈಸ್ತ ಧರ್ಮದ, ಹೆಣ್ಣನ್ನು ಮದುವೆಯಾಗಬಹುದು, ಆದರೆ ಮುಸ್ಲಿಂ ಮಹಿಳೆಗೆ ಮುಸ್ಲಿಮನಲ್ಲದವನ ಜೊತೆ ಮದುವೆ ಸಲ್ಲದು ಎಂಬ ನಿಯಮವನ್ನು ಸುನ್ನಿಗಳ ನಾಲ್ಕೂ ಮದ್‌ಹಬ್‌ಗಳು, ಅರ್ಥಾತ್ ಧರ್ಮಶಾಸ್ತ್ರ ಪಂಥಗಳು, ಶತಮಾನಗಳಿಂದ ಒಂದೇ ದನಿಯಲ್ಲಿ ಹೇಳುತ್ತ ಬಂದಿವೆ. ಶಿಯಾಗಳ ಜಾಫರಿ ಪಂಥವು ಇದರ ಮೊದಲ ಭಾಗವನ್ನು ಇನ್ನಷ್ಟು ಬಿಗಿ ಮಾಡಿದೆಯೇ ಹೊರತು ಎರಡನೆಯ ಭಾಗವನ್ನು ಸಡಿಲಿಸಿಲ್ಲ. ಮನೆಗಳಲ್ಲಿ ಈ ನಿಯಮವನ್ನು ಹೇಳುವಾಗ ಹಿರಿಯರು ಪಂಥದ ಹೆಸರನ್ನಾಗಲಿ ಶಾಸ್ತ್ರಕಾರರ ಹೆಸರನ್ನಾಗಲಿ ಎತ್ತುವುದಿಲ್ಲ, ‘ಕುರ್‌ಆನಿನಲ್ಲೇ ಇದೆ’ ಎಂದು ಮುಗಿಸುತ್ತಾರೆ. ಮಲೆನಾಡಿನ ದಖ್ಖನಿ ಮಾತಾಡುವ, ಸುನ್ನಿ ಹನಫಿ ಪಂಥದ ಕುಟುಂಬದಲ್ಲಿ ಹುಟ್ಟಿ, ಹಿಂದೂ ವರನನ್ನು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದ ಈ ಲೇಖನದ ಕರ್ತೃವಿಗೆ ಆ ಮಾತಿನ ಬೆನ್ನು ಹತ್ತಿ ಓದುವುದು ಅನಿವಾರ್ಯವಾಯಿತು. ಮುಂದಿನ ವಿವೇಚನೆಯು ಆ ಓದಿನಿಂದಲೂ ಮದುವೆಯ ನಂತರದ ಲೌಕಿಕ ವ್ಯವಹಾರಗಳಿಂದಲೂ ಒದಗಿದ್ದು.

ಈ ಚರ್ಚೆಯಲ್ಲಿ ಮತ್ತೆಮತ್ತೆ ಬರುವ ಸೂಕ್ತಗಳು ಮೂರು. ಎರಡನೆಯ ಅಧ್ಯಾಯದ 221ನೆಯ ಸೂಕ್ತವು ಬಹುದೇವವಿಶ್ವಾಸಿ ಸ್ತ್ರೀಯರನ್ನು ಅವರು ವಿಶ್ವಾಸವಿರಿಸುವ ತನಕ ವರಿಸಬಾರದೆಂದು ಪುರುಷರಿಗೂ, ಬಹುದೇವವಿಶ್ವಾಸಿ ಪುರುಷರಿಗೆ ನಿಮ್ಮ ಸ್ತ್ರೀಯರನ್ನು ಮದುವೆ ಮಾಡಿಕೊಡಬಾರದೆಂದು ಮನೆಯ ಹಿರಿಯರಿಗೂ ಹೇಳುತ್ತದೆ. ಇಲ್ಲಿ ನಿಷೇಧ ಗಂಡಿಗೂ ಹೆಣ್ಣಿಗೂ ಸಮಾನ. ಐದನೆಯ ಅಧ್ಯಾಯದ ಐದನೆಯ ಸೂಕ್ತವು ಗ್ರಂಥದವರ ಶೀಲವಂತ ಸ್ತ್ರೀಯರನ್ನು ಮುಸ್ಲಿಂ ಪುರುಷರಿಗೆ ಸಮ್ಮತವಾಗಿಸುತ್ತದೆ, ಆದರೆ ಗ್ರಂಥದವರ ಪುರುಷರ ವಿಷಯದಲ್ಲಿ ಹೌದೆಂದೂ ಅಲ್ಲವೆಂದೂ ಹೇಳುವುದಿಲ್ಲ. ಅರವತ್ತನೆಯ ಅಧ್ಯಾಯದ ಹತ್ತನೆಯ ಸೂಕ್ತವು 628ರ ಹುದೈಬಿಯಾ ಒಪ್ಪಂದದ ನಂತರ ಮಕ್ಕಾದಿಂದ ಮದೀನಕ್ಕೆ ಓಡಿಬಂದ ಸ್ತ್ರೀಯರ ಕುರಿತಾದುದು: ಅವರ ವಿಶ್ವಾಸ ಖಚಿತವಾದರೆ ಸತ್ಯನಿಷೇಧಿಗಳಿಗೆ ಮರಳಿಸಬೇಡಿ, ಇವರು ಅವರಿಗೆ ಸಮ್ಮತರಲ್ಲ, ಅವರು ಇವರಿಗೆ ಸಮ್ಮತರಲ್ಲ, ಆದರೆ ಆ ಗಂಡಂದಿರು ಕೊಟ್ಟ ಮಹರ್ ಅನ್ನು, ಎಂದರೆ ವಧುಧನವನ್ನು, ಹಿಂದಿರುಗಿಸಿ ಎಂಬುದು ಅದರ ತಾತ್ಪರ್ಯ. ಯುದ್ಧಕಾಲದ ನಿರಾಶ್ರಿತೆಯರ ಪ್ರಕರಣದಲ್ಲೂ ಲೆಕ್ಕ ಚುಕ್ತಾ ಮಾಡಬೇಕೆಂಬ ಈ ಸೂಚನೆಯನ್ನು ನಿಷೇಧದ ಭಾಗವನ್ನಷ್ಟೇ ಉದ್ಧರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಕ್ರೈಸ್ತ ಅಥವಾ ಯಹೂದಿ ವರನ ವಿಷಯದಲ್ಲಿ ಗ್ರಂಥ ಮೌನವಾಗಿರುವಾಗ ಆ ಮೌನಕ್ಕೆ ನಿಷೇಧದ ಅರ್ಥ ಹೇಗೆ ಬಂತೆಂಬುದೇ ಇಲ್ಲಿನ ಗಂಟು. ಶಾಸ್ತ್ರಕಾರರು ಇದಕ್ಕೆ ಕೊಟ್ಟ ಉತ್ತರ ಹಗುರವಾದುದಲ್ಲ. ತಿನ್ನುವ, ಉಡುವ, ವ್ಯಾಪಾರ ಮಾಡುವ ಸಂಗತಿಗಳಲ್ಲಿ ಬೇಡವೆನ್ನದುದೆಲ್ಲ ಸಮ್ಮತ, ಆದರೆ ದಾಂಪತ್ಯ ಸಂಬಂಧದಲ್ಲಿ ಸಮ್ಮತವೆನ್ನದುದೆಲ್ಲ ನಿಷಿದ್ಧ ಎಂಬ ಸೂತ್ರವನ್ನು ಅವರು ಅನ್ವಯಿಸಿದರು. ಪುರುಷನಿಗೆ ವಿನಾಯಿತಿ ಸಿಕ್ಕಿತು, ಹೆಣ್ಣಿಗೆ ಸಿಗಲಿಲ್ಲ, ಹಾಗಾಗಿ ಮೂಲ ನಿಷೇಧವೇ ಅವಳ ಪಾಲಿಗೆ ಉಳಿಯಿತು. ಇದರ ಮೇಲೆ ಇಜ್ಮಾ, ಎಂದರೆ ವಿದ್ವಾಂಸರ ಒಮ್ಮತ, ಬಂದು ಕೂತಿತು. ಗಂಡನೇ ಮನೆಯ ಯಜಮಾನನೆಂದ ಮೇಲೆ ಮುಸ್ಲಿಮಳ ಮೇಲೆ ಅನ್ಯಧರ್ಮೀಯನ ಯಜಮಾನಿಕೆ ಸಲ್ಲದು, ಮೋಸೆಯನ್ನೂ ಯೇಸುವನ್ನೂ ಪ್ರವಾದಿಗಳೆಂದು ಒಪ್ಪುವ ಮುಸ್ಲಿಮನ ಮನೆಯಲ್ಲಿ ಕ್ರೈಸ್ತ ಹೆಂಡತಿಯ ಧರ್ಮಕ್ಕೆ ಸಿಗುವ ಗೌರವ ಕ್ರೈಸ್ತನ ಮನೆಯಲ್ಲಿ ಮುಸ್ಲಿಮಳಿಗೆ ಸಿಗಲಾರದು ಎಂಬ ಸಮರ್ಥನೆಗಳೂ ಜೊತೆಗೂಡಿದವು. ಅಂದಿನ ಕುಟುಂಬದ ರಚನೆಯನ್ನು ನೋಡಿದರೆ ಈ ತರ್ಕದಲ್ಲಿ ಹೆಣ್ಣಿನ ರಕ್ಷಣೆಯ ಕಾಳಜಿಯೂ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಸೂಕ್ತವೇ ಬೇರೆ, ಸೂಕ್ತದ ಮೌನಕ್ಕೆ ತುಂಬಿದ ತರ್ಕವೇ ಬೇರೆ. ಮನೆಯ ಮಾತುಕತೆಯಲ್ಲಿ ಈ ಎರಡೂ ಒಂದಾಗಿ ಬೆರೆತುಹೋಗುವುದರಿಂದ ಇಜ್ಮಾವನ್ನು ಪ್ರಶ್ನಿಸಿದವಳು ಕುರ್‌ಆನನ್ನೇ ಪ್ರಶ್ನಿಸಿದಳೆಂಬ ಆರೋಪ ಹೊರಬೇಕಾಗುತ್ತದೆ.

ಪ್ರವಾದಿಯವರ ಹಿರಿಯ ಮಗಳು ಝೈನಬರ ವೃತ್ತಾಂತವನ್ನು ಈ ಸಂದರ್ಭದಲ್ಲಿ ತುಸು ನಿಂತು ನೋಡಬೇಕು. ಅವರ ಗಂಡ ಅಬುಲ್ ಆಸ್ ತಾಯಿ ಖದೀಜಾರ ಸಹೋದರಿಯ ಮಗ. ಹೆಂಡತಿ ಇಸ್ಲಾಮನ್ನು ಒಪ್ಪಿದ ನಂತರವೂ ಆತ ತನ್ನ ಹಳೆಯ ನಂಬಿಕೆಯಲ್ಲೇ ಉಳಿದ, ಮಕ್ಕಾದಲ್ಲಿ ಇಬ್ಬರ ಸಂಸಾರವೂ ಮುರಿಯಲಿಲ್ಲ. 624ರ ಬದ್ರ್ ಯುದ್ಧದಲ್ಲಿ ಅವನು ಮುಸ್ಲಿಮರಿಗೆ ಸೆರೆ ಸಿಕ್ಕಾಗ ಝೈನಬ್ ಬಿಡುಗಡೆಯ ಹಣದ ಜೊತೆ ತಮ್ಮ ಮದುವೆಯಲ್ಲಿ ತಾಯಿ ಕೊಟ್ಟಿದ್ದ ಕಂಠಹಾರವನ್ನೂ ಕಳುಹಿಸಿದರು, ಆ ಹಾರವನ್ನು ಗುರುತಿಸಿದ ಪ್ರವಾದಿಯವರು ಮನಕರಗಿ ಅದನ್ನು ಹಿಂದಿರುಗಿಸಲು ಅನುಯಾಯಿಗಳ ಒಪ್ಪಿಗೆ ಕೇಳಿದರು ಎಂದು ಚರಿತ್ರೆಗಳು ಹೇಳುತ್ತವೆ. ಝೈನಬರನ್ನು ಮದೀನಕ್ಕೆ ಕಳುಹಿಸಬೇಕೆಂಬ ಷರತ್ತಿನ ಮೇಲೆ ಬಿಡುಗಡೆಯಾದ ಅಬುಲ್ ಆಸ್ ವರ್ಷಗಳ ನಂತರ ಇಸ್ಲಾಮನ್ನು ಒಪ್ಪಿ ಬಂದಾಗ ದಂಪತಿ ಮತ್ತೆ ಒಂದಾದರು. ಹಳೆಯ ನಿಕಾಹ್ ಮೇಲೆಯೋ ಹೊಸ ನಿಕಾಹ್ ಮೇಲೆಯೋ ಎಂಬಲ್ಲಿ ವರದಿಗಳು ಪರಸ್ಪರ ಒಪ್ಪುವುದಿಲ್ಲ. ನಿಷೇಧದ ಸೂಕ್ತ ಇಳಿಯುವ ಮೊದಲಿನ ಸಂಗತಿಯಿದು, ಇದರಿಂದ ನಿಯಮ ಹುಟ್ಟದು ಎಂಬ ಶಾಸ್ತ್ರಕಾರರ ಸಮಾಧಾನದಲ್ಲಿ ಹುರುಳಿದೆ. ಆದರೂ ಇಸ್ಲಾಂ ಸ್ವೀಕರಿಸಿದ ಹೆಣ್ಣು ಮುಸ್ಲಿಮನಲ್ಲದ ಗಂಡನೊಡನೆ ಬಾಳು ಮುಂದುವರಿಸಬಹುದೇ ಎಂಬ ಪ್ರಶ್ನೆಗೆ ಯುರೋಪಿನ ಫತ್ವಾ ಮತ್ತು ಸಂಶೋಧನಾ ಮಂಡಳಿಯು 2001ರಲ್ಲಿ ಉತ್ತರಿಸುವಾಗ ಹಾಗೆ ಬಾಳಬಹುದೆಂಬ ಹಳೆಯ ಅಭಿಪ್ರಾಯಗಳಿಗೂ ಜಾಗ ಕೊಟ್ಟಿತು. ಒಮ್ಮತ ಹೇಳುವಷ್ಟು ಏಕರೂಪವಾಗಿರಲಿಲ್ಲವೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಸುಡಾನಿನ ಹಸನ್ ಅಲ್ ತುರಾಬಿ 2006ರಲ್ಲಿ ಮುಸ್ಲಿಂ ಮಹಿಳೆ ಕ್ರೈಸ್ತನನ್ನೋ ಯಹೂದಿಯನ್ನೋ ಮದುವೆಯಾಗಬಹುದೆಂದು ಹೇಳಿ ಸಾಕಷ್ಟು ಬೈಗುಳ ತಿಂದರು. ಮೊರೊಕ್ಕೊದ ಅಸ್ಮಾ ಲಮ್ರಾಬೆತ್ ಮೊದಲಾದವರು ಸೂಕ್ತಗಳನ್ನು ಅವುಗಳ ಕಾಲದ ಕದನ ಮತ್ತು ವಲಸೆಯ ಹಿನ್ನೆಲೆಯಲ್ಲಿಟ್ಟು ಓದಬೇಕೆಂದು ವಾದಿಸಿದರು. ಭಾರತದ ಓದುಗ ಹೆಣ್ಣು ಇಂಥ ಬರಹಗಳನ್ನು ಹಿಗ್ಗಿನಿಂದ ಕೈಗೆತ್ತಿಕೊಂಡು, ಅರ್ಧಕ್ಕೆ ಬಂದಾಗ ಅವು ತನಗಾಗಿ ಬರೆದವಲ್ಲವೆಂದು ಅರಿಯುತ್ತಾಳೆ. ಏಕೆಂದರೆ ಆ ವಾದವೆಲ್ಲ ನಿಂತಿರುವುದು ಐದನೆಯ ಅಧ್ಯಾಯದ ಮೌನದ ಮೇಲೆ, ಆ ಮೌನ ಗ್ರಂಥದವರಿಗೆ ಸಂಬಂಧಿಸಿದ್ದು. ವರ ಹಿಂದೂ ಆಗಿದ್ದರೆ ಶಾಸ್ತ್ರಜ್ಞರು ಮೌನವಿಲ್ಲದ, ನೇರ ನಿಷೇಧವಿರುವ 221ನೆಯ ಸೂಕ್ತವನ್ನೇ ಮುಂದಿಡುತ್ತಾರೆ. ಲೇಖಕಿಯ ಊರಿನ ಮಸೀದಿಯ ಹಜರತ್ ಅವರೂ ಗದರದೆ, ಕುಳ್ಳಿರಿಸಿ, ಚಹಾ ತರಿಸಿ, ಇದನ್ನೇ ತೋರಿಸಿದರು: ‘ಬೇಟಿ, ನೀನು ತಂದ ಪುಸ್ತಕ ಈಸಾಯಿ ಹುಡುಗನದ್ದು.’

ಆದ್ದರಿಂದ ಈ ನೆಲದಲ್ಲಿ ಕೇಳಬೇಕಾದ ಪ್ರಶ್ನೆಯು ಏಳನೆಯ ಶತಮಾನದ ಅರೇಬಿಯದ ಬಹುದೇವವಿಶ್ವಾಸಿಯ ವರ್ಗಕ್ಕೆ ಹಿಂದೂಗಳೆಲ್ಲರೂ ಸೇರುತ್ತಾರೆಯೇ ಎಂಬುದು. ಇದು ಹೊಸ ಕಾಲದ ಉದಾರವಾದಿಗಳು ಹುಟ್ಟುಹಾಕಿದ ಪ್ರಶ್ನೆಯಲ್ಲ. ಮೊಘಲ್ ರಾಜಕುಮಾರ ದಾರಾ ಶಿಕೋಹ್ 1657ರಲ್ಲಿ ಉಪನಿಷತ್ತುಗಳನ್ನು ಪರ್ಷಿಯನ್ನಿಗೆ ತಂದಾಗ ಕುರ್‌ಆನ್ ಹೇಳುವ ಗುಪ್ತ ಗ್ರಂಥ ಇದೇ ಎಂದು ಬಗೆದಿದ್ದ. ಅವನನ್ನು ಧರ್ಮಭ್ರಷ್ಟನೆಂದು ತಳ್ಳಿಹಾಕುವವರಿಗೂ ಹದಿನೆಂಟನೆಯ ಶತಮಾನದ ದಿಲ್ಲಿಯ ನಕ್ಷ್‌ಬಂದಿ ಸೂಫಿ ಮಿರ್ಜಾ ಮಝ್‌ಹರ್ ಜಾನೆ ಜಾನಾನರನ್ನು ಹಾಗೆ ತಳ್ಳಿಹಾಕುವುದು ಕಷ್ಟ, ಅವರು ವೇದಗಳಿಗೆ ದೈವಿಕ ಮೂಲವಿದೆಯೆಂದೂ ಹಿಂದೂಗಳ ವಿಗ್ರಹಾರಾಧನೆ ಅರಬರದಕ್ಕಿಂತ ಭಿನ್ನವೆಂದೂ ಬರೆದರು. ಮದುವೆಯ ನಿಯಮವನ್ನು ಬದಲಿಸಲು ಇವರು ಹೊರಟವರಲ್ಲ, ಆ ಮಾತನ್ನು ಅವರ ಬಾಯಲ್ಲಿ ತುರುಕುವುದು ಅನ್ಯಾಯ. ಆದರೆ ವರ್ಗ ಯಾವುದೆಂಬುದು ಚರ್ಚೆಗೆ ಮುಚ್ಚಿದ ವಿಷಯವಾಗಿರಲಿಲ್ಲ.

ಅಗತ್ಯ ಬಿದ್ದಾಗ ಉಲಮಾಗಳೇ ಪಂಥದ ಗೆರೆ ದಾಟಿದ ನಿದರ್ಶನವೂ ಈ ದೇಶದಲ್ಲಿದೆ. ಹನಫಿ ನಿಯಮದಡಿ ಕ್ರೂರಿ ಅಥವಾ ಕಣ್ಮರೆಯಾದ ಗಂಡನಿಂದ ಬಿಡುಗಡೆ ಪಡೆಯುವ ದಾರಿಯೇ ಹೆಚ್ಚುಕಡಿಮೆ ಇಲ್ಲದಿದ್ದಾಗ, ಧರ್ಮ ಬಿಟ್ಟರೆ ಮದುವೆ ತಾನಾಗಿ ಮುರಿಯುತ್ತದೆಂಬ ಸಂದನ್ನು ಬಳಸಿಕೊಂಡು ಪಂಜಾಬಿನಲ್ಲಿ ಮಹಿಳೆಯರು ಇಸ್ಲಾಮನ್ನು ತೊರೆಯತೊಡಗಿದರು. ಆಗ ದೇವಬಂದಿನ ಪ್ರಸಿದ್ಧ ವಿದ್ವಾಂಸ ಅಶ್ರಫ್ ಅಲಿ ಥಾನವಿ ಮಾಲಿಕಿ ಪಂಥದ ಉದಾರ ನಿಯಮಗಳನ್ನು ಎರವಲು ತಂದರು, ಅದರ ಫಲವೇ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆ. ಸೂಕ್ತ ಬದಲಾಗಲಿಲ್ಲ, ಹೆಂಗಸರು ಧರ್ಮದಿಂದಲೇ ಹೊರನಡೆಯುವುದು ಕಂಡಾಗ ಓದು ಬದಲಾಯಿತು.

ಟುನೀಸಿಯ ಬೇರೊಂದು ದಾರಿ ಹಿಡಿಯಿತು. ಬಹುಪತ್ನಿತ್ವವನ್ನು 1956ರಲ್ಲೇ ನಿಷೇಧಿಸಿದ್ದ ಆ ದೇಶದಲ್ಲಿ, ಮುಸ್ಲಿಂ ಮಹಿಳೆ ಅನ್ಯಧರ್ಮೀಯನನ್ನು ಮದುವೆಯಾಗುವುದನ್ನು ತಡೆದಿದ್ದುದು 1973ರ ಒಂದು ಆಡಳಿತಾತ್ಮಕ ಸುತ್ತೋಲೆ. ಅಧ್ಯಕ್ಷ ಬೇಜಿ ಕಾಯಿದ್ ಎಸೆಬ್ಸಿ 2017ರ ಆಗಸ್ಟ್ 13ರ ಮಹಿಳಾ ದಿನದಂದು ಅದನ್ನು ತೆಗೆಯಲು ಕರೆಕೊಟ್ಟರು, ಸೆಪ್ಟೆಂಬರಿನಲ್ಲಿ ಅದು ರದ್ದಾಯಿತು, ಕೈರೋದ ಅಲ್ ಅಝರ್ ವಿದ್ವಾಂಸರು ಪ್ರತಿಭಟಿಸಿದರು. ಮರುವರ್ಷ ಟುನಿಸ್ ಬಳಿಯ ಲೆ ಕ್ರಾಮ್ ಪಟ್ಟಣದ ಮೇಯರ್ ಇಂಥ ಮದುವೆಗಳನ್ನು ತಾನು ನೋಂದಾಯಿಸುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು.

ಭಾರತದಲ್ಲಿ ಅಂಥ ಸುತ್ತೋಲೆ ಎಂದೂ ಇರಲಿಲ್ಲ. 1872ರ ವಿಶೇಷ ವಿವಾಹ ಕಾಯ್ದೆಯು ತಾನು ಹಿಂದೂವಲ್ಲ, ಮುಸ್ಲಿಮನಲ್ಲ, ಕ್ರೈಸ್ತನಲ್ಲ ಎಂದು ಘೋಷಿಸಿದವರಿಗೆ ಮಾತ್ರ ತೆರೆದಿತ್ತು. 1954ರ ಕಾಯ್ದೆಯು ಅಂಥ ಘೋಷಣೆಯನ್ನು ಕೇಳುವುದಿಲ್ಲವಾದ್ದರಿಂದ ವಧು ಕಾನೂನಿನ ಕಣ್ಣಿನಲ್ಲಿ ಮುಸ್ಲಿಮಳಾಗಿಯೇ ಉಳಿದು ಮದುವೆಯಾಗಬಹುದು. ಜಮಾತಿನ ಕಣ್ಣು ಬೇರೆ. ಕಾಯ್ದೆಯ ನಮೂನೆಯಲ್ಲಿ ಇಬ್ಬರ ಹೆಸರು, ಉದ್ಯೋಗ, ವಯಸ್ಸು, ಈಗಿನ ವಿಳಾಸ, ಕಾಯಂ ವಿಳಾಸ ಎಲ್ಲವನ್ನೂ ತುಂಬಿದ ಮೇಲೆ ಆ ಹಾಳೆಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ 30 ದಿನ ಅಂಟಿಸುತ್ತಾರೆ, ಕಾಯಂ ವಿಳಾಸ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. ಅಡ್ಡಿ ಹೇಳಲು ಕಾನೂನು ಒಪ್ಪುವ ಕಾರಣಗಳಲ್ಲಿ ಧರ್ಮ ಇಲ್ಲ, ಆದರೆ ಬಾಂಡ್ ಬರೆಸಲು ಬಂದವರೂ ಜಮೀನು ನೋಂದಣಿಗೆ ಬಂದವರೂ ವಿಳಾಸದ ಆ ಸಾಲನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ಹೋಗಬಹುದು. ಆ ಒಂದು ತಿಂಗಳಲ್ಲಿ ಮನೆಗೆ ಬರುವವರು ಯಾರೂ ಐದನೆಯ ಅಧ್ಯಾಯವನ್ನು ಚರ್ಚಿಸುವುದಿಲ್ಲ. ತಂಗಿಯ ಸಂಬಂಧ ಏನಾಗುತ್ತದೆ, ಅಬ್ಬಾ ಮಸೀದಿಯ ಕಮಿಟಿಯಲ್ಲಿ ಉಳಿಯಬಹುದೇ, ನಾಳೆ ಖಬರಸ್ತಾನದಲ್ಲಿ ಜಾಗ ಕೊಡುತ್ತಾರೆಯೇ ಎಂಬುವು ಕೇಳಿಬರುವ ಪ್ರಶ್ನೆಗಳು, ವ್ಯಾಖ್ಯಾನದ ಪಾಂಡಿತ್ಯ ಇವಕ್ಕೆ ಉತ್ತರ ಕೊಡದು.

ಆಸ್ತಿಯ ಪ್ರಶ್ನೆಗಾದರೋ ಉತ್ತರವಿದೆ, ಅದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ತಂದೆಯ ಆಸ್ತಿಯಲ್ಲಿ ಮುಸ್ಲಿಂ ಕಾನೂನಿನಂತೆ ಬರುವ ಮಗಳ ಪಾಲು ಈ ಮದುವೆಯಿಂದ ತಪ್ಪುವುದಿಲ್ಲ. ಧರ್ಮ ಬಿಟ್ಟವಳೆಂದು ಯಾರಾದರೂ ವಾದಿಸಿದರೆ, ಈಗ ರದ್ದಾಗಿರುವ 1850ರ ಜಾತಿ ಅಸಾಮರ್ಥ್ಯ ನಿವಾರಣಾ ಕಾಯ್ದೆ ಹಿಂದೆ ಅವಳ ಬೆಂಬಲಕ್ಕಿತ್ತು. ಅವಳ ಸ್ವಂತ ಆಸ್ತಿಗೆ ಮಾತ್ರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ: ಮಕ್ಕಳಿದ್ದರೆ ಮೂರರಲ್ಲೊಂದು ಪಾಲು ಗಂಡನಿಗೆ, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ, ಹೆತ್ತವರಿಗೆ ಏನೂ ಇಲ್ಲ. ಮಕ್ಕಳಿದ್ದು ಸತ್ತವಳ ಆಸ್ತಿಯಲ್ಲೂ ತಾಯಿಗೆ ಆರರಲ್ಲೊಂದು ಪಾಲನ್ನು ಕುರ್‌ಆನಿನ ನಾಲ್ಕನೆಯ ಅಧ್ಯಾಯ ನಿಗದಿ ಮಾಡಿದೆ. 1925ರ ಕಾಯ್ದೆಯಡಿ ಉಯಿಲಿಗೆ ಮೂರನೆಯ ಒಂದು ಭಾಗದ ಮಿತಿಯಿಲ್ಲದ ಕಾರಣ ಲೇಖಕಿ ಉಯಿಲು ಬರೆಸಿ ಆ ಆರನೆಯ ಪಾಲನ್ನು ತಾಯಿಯ ಹೆಸರಿಗೆ ಸೇರಿಸಿದ್ದು, ಅದಕ್ಕೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಹಜರತ್ ಒಬ್ಬರು.